ಬೆಳ್ಳಿ ಕರಡಿಗೆ, ತಗಡಿನ ಟ್ರಂಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ದಾವಣಗೆರೆಯಲ್ಲಿ ಬಾಡಿಗೆಗೆ ರೂಮು ಹುಡುಕಿ ನೋಡಿರಲಿಲ್ಲ. ಹುಡುಕಿದ್ದರೆ ಗಾದೆಗೆ ಇನ್ನೊಂದು ಸಾಲು ಸೇರುತ್ತಿತ್ತು. ಅದರಲ್ಲೂ ಹುಡುಕುವವನ ಹೆಸರು ಅಸದ್ ಎಂದಿದ್ದರೆ, ಎಂ.ಸಿ.ಸಿ. ಬಡಾವಣೆಯ ಗೇಟುಗಳಿಗೆ ಕಟ್ಟಿದ 'ಬಾಡಿಗೆಗೆ ಇದೆ' ಬೋರ್ಡುಗಳೆಲ್ಲ ನಿಂತ ನಿಲುವಿನಲ್ಲೇ ಸುಳ್ಳಾಗುತ್ತವೆ. "ಅಯ್ಯೋ, ಈಗ ತಾನೇ ಒಬ್ರು ಬಂದು ಮಾತಾಡಿ ಹೋದ್ರಪ್ಪ" ಎನ್ನುತ್ತಾರೆ. ಬೋರ್ಡು ಮಾತ್ರ ಮರುದಿನವೂ ಅಲ್ಲೇ ನೇತಾಡುತ್ತಿರುತ್ತದೆ.

ಅಸದ್ ಹರಿಹರದ ಹುಡುಗ. ತಂದೆ ಹಯಾತ್ ಸಾಬರು ತಗಡಿನ ಟ್ರಂಕು ಮಾಡುವವರು. ಹರಿಹರ ದೂರವೇನಲ್ಲ, ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬಂದುಬಿಡುತ್ತದೆ. ಆದರೆ ಅವರ ಮನೆಯೇ ಅಂಗಡಿ, ಅಂಗಡಿಯೇ ಮನೆ. ತಗಡು ಬಡಿಯುವ ಸದ್ದಿನಲ್ಲಿ ಓದಿ ಅವನು ಬಿ.ಕಾಂ. ಎರಡನೇ ವರ್ಷದಲ್ಲಿ ಎರಡು ವಿಷಯಗಳಲ್ಲಿ ಫೇಲಾಗಿದ್ದ. ಕೊನೆಯ ವರ್ಷದಲ್ಲೂ ಹಾಗಾದರೆ ಪುಸ್ತಕ ಮಡಚಿಟ್ಟು ಸುತ್ತಿಗೆ ಹಿಡಿಯಬೇಕು ಎಂದು ಹಯಾತ್ ಸಾಬರು ಹೇಳಿಬಿಟ್ಟಿದ್ದರು. ಹೇಳಿದ ಮೇಲೆ ಮನಸ್ಸು ತಡೆಯದೆ ಮಗನಿಗೆ ಒಂದು ಟ್ರಂಕನ್ನೂ ಮಾಡಿಕೊಟ್ಟರು. ನೀಲಿ ಬಣ್ಣ, ಎರಡು ಕಡೆ ಹಿಡಿ, ತಾವೇ ಬಡಿದು ಕೂರಿಸಿದ ಗಟ್ಟಿ ಕೊಂಡಿ.

ರೂಮು ಕೊಡಿಸಿದವನು ಕೊಟ್ಟೂರೇಶ್. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಆನಗೋಡಿನ ವಾಮದೇವಪ್ಪನವರ ಮಗ, ಅಸದ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂರುವವನು. ತಾನಿದ್ದ ಮನೆಯ ಒಡತಿ ನಿರ್ಮಲಮ್ಮನ ಮುಂದೆ ನಿಂತು, "ಆಂಟಿ, ಇವನಿಗೆ ಇಲ್ಲ ಅಂದ್ರೆ ನಾನೂ ಖಾಲಿ ಮಾಡ್ತೀನಿ" ಎಂದಿದ್ದ. ಅಂಥ ಮಾತು ಆಡುವ ಗೆಳೆಯ ಎಷ್ಟು ಜನಕ್ಕೆ ಸಿಗುತ್ತಾನೆ? ಅಸದ್ ಅವನನ್ನು ಪ್ರಾಣ ಕೊಡುವಷ್ಟು ಹಚ್ಚಿಕೊಂಡಿದ್ದ. ಊರಿನಿಂದ ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯನ್ನು ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದರು.

ಮಹಡಿಯ ಅದೇ ರೂಮಿನಲ್ಲಿ ಇಬ್ಬರೂ ಇರಲು ನಿರ್ಮಲಮ್ಮ ಒಪ್ಪಿದರು, ಆದರೆ ಅವರ ಷರತ್ತು ಕೇಳಿ.

"ನೋಡಪ್ಪ, ಮೆಟ್ಲು ಹೊರಗಡೆ ಐತೆ, ಹತ್ತು, ಇಳಿ. ನೀರು ಗೇಟ್ ಹತ್ರ ನಲ್ಲಿಯಾಗೆ ಹಿಡ್ಕ. ನಮ್ಮ ಹೊಸ್ತಿಲು ಮಾತ್ರ ದಾಟಬ್ಯಾಡ. ದೇವ್ರಿರೋ ಮನೆ."

ಅಸದ್ ದಾಟಲಿಲ್ಲ. ಬಾಡಿಗೆ ಕೊಡುವಾಗಲೂ ಹೊರಗೆ ನಿಂತು ಕೈ ಚಾಚಿ ಕೊಡುತ್ತಿದ್ದ. ನಿರ್ಮಲಮ್ಮ ಅದನ್ನು ಅಕ್ಕಪಕ್ಕದವರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು: "ಒಂದಿನಾನೂ ಒಳಗೆ ಕಾಲಿಟ್ಟಿಲ್ಲ ನೋಡ್ರಿ, ಅಷ್ಟು ಬಿಗಿಯಾಗಿ ಇಟ್ಟೀನಿ." ಮನುಷ್ಯರನ್ನು ಹೊರಗೆ ನಿಲ್ಲಿಸುವುದನ್ನೂ ಒಂದು ಸಾಧನೆ ಮಾಡಿಕೊಂಡವರು ಊರಿಗೊಬ್ಬರಾದರೂ ಇರುತ್ತಾರೆ.

ಕೊಟ್ಟೂರೇಶನ ಕೊರಳಲ್ಲಿ ಶಿವದಾರ, ಅದರ ತುದಿಗೆ ಬೆಳ್ಳಿಯ ಕರಡಿಗೆ, ಒಳಗೆ ಇಷ್ಟಲಿಂಗ. ಅಜ್ಜನ ಕಾಲದ ಕರಡಿಗೆ ಅದು, ಅಂಗೈ ತುಂಬುವ ಗಟ್ಟಿ ಬೆಳ್ಳಿ. ಲಿಂಗದೀಕ್ಷೆಯ ದಿನ ತಂದೆ ಕೈಯಾರೆ ಕಟ್ಟಿ, "ಇದು ಮೈ ಬಿಟ್ಟರೆ ಜೀವ ಬಿಟ್ಟಂಗೆ" ಎಂದಿದ್ದರು. ಮಗ ಹೂಂ ಎಂದಿದ್ದ. ದಾವಣಗೆರೆಗೆ ಬಂದು ಜಿಮ್ಮಿಗೆ ಸೇರಿದ ಮೇಲೆ ಕರಡಿಗೆ ಎದೆಗೆ ಬಡಿಯತೊಡಗಿತು, ಹುಡುಗರು ನಕ್ಕರು. ಒಂದು ದಿನ ತೆಗೆದು ರೂಮಿನ ಕಿಟಕಿ ಪಕ್ಕದ ಮೊಳೆಗೆ ತೂಗುಹಾಕಿದ. ಆಮೇಲೆ ಅದು ಮೊಳೆಯಲ್ಲೇ ಉಳಿಯಿತು. ಊರಿಗೆ ಹೋಗುವ ದಿನ ಮಾತ್ರ ಕೊರಳಿಗೆ ಬರುತ್ತಿತ್ತು. ಉಳಿದ ದಿನ ಅದರ ಮೇಲೆ ಅಂಗಿ, ಟವೆಲು ಬಿದ್ದಿರುತ್ತಿದ್ದವು. ಅಸದ್ ಒಂದೆರಡು ಸಲ, "ದೇವ್ರ ಸಾಮಾನಲೇ, ಪೆಟ್ಟಿಗೆಯಾಗೆ ಇಡು" ಎಂದಿದ್ದ. "ಇಟ್ರಾಯ್ತು ಬಿಡು" ಎಂದಿದ್ದ ಕೊಟ್ಟೂರೇಶ್.

ಪರೀಕ್ಷೆ ಹತ್ತಿರ ಬಂದಾಗ ಅಕ್ಕನ ಮಗುವಿನ ತೊಟ್ಟಿಲು ಕಾರ್ಯಕ್ಕೆ ಊರಿಗೆ ಹೊರಟ ಅವನು ಟವೆಲು ಎತ್ತಿ ನೋಡಿದರೆ ಮೊಳೆ ಬರಿದಾಗಿತ್ತು.

ಯಾವಾಗ ಹೋಯಿತು? ನಿನ್ನೆಯೋ, ಹೋದ ವಾರವೋ, ಅವನಿಗೇ ಗೊತ್ತಿರಲಿಲ್ಲ. ಬಟ್ಟೆ ಒಣಹಾಕಲು, ನೀರಿನ ಟ್ಯಾಂಕು ನೋಡಲು ಮನೆಯವರೆಲ್ಲ ಆ ರೂಮಿನ ಮುಂದೆಯೇ ಹಾದು ಮಾಳಿಗೆಗೆ ಹೋಗಬೇಕು. ಕಿಟಕಿಗೆ ಚಿಲಕವಿರಲಿಲ್ಲ. ಆದರೆ ಇದನ್ನೆಲ್ಲ ಹೇಳಬೇಕೆಂದರೆ ತಿಂಗಳುಗಟ್ಟಲೆ ಲಿಂಗವನ್ನು ಮೊಳೆಗೆ ನೇತುಹಾಕಿದ್ದೆ ಎಂದೂ ಹೇಳಬೇಕಲ್ಲ. ಆ ಮಾತು ಆನಗೋಡು ಮುಟ್ಟಿದರೆ ತಂದೆ ಮುಖ ನೋಡುತ್ತಿರಲಿಲ್ಲ. ಸದ್ದು ಕೇಳಿ ಮೇಲೆ ಬಂದ ನಿರ್ಮಲಮ್ಮ, "ಯಾವಾಗ ತೆಗೆದಿದ್ಯಪ್ಪ ಮೈಯಿಂದ?" ಎಂದು ಕೇಳಿದಾಗ ಕೊಟ್ಟೂರೇಶನ ಬಾಯಿಂದ ಬಂದದ್ದು ಇಷ್ಟು:

"ಈಗ, ಸ್ನಾನಕ್ಕೆ ಹೋದಾಗ, ಅಷ್ಟೆ ಆಂಟಿ."

"ಆಗ ರೂಮಾಗೆ ಯಾರಿದ್ರು?"

ಕೊಟ್ಟೂರೇಶ್ ನೆಲ ನೋಡಿದ. ಓದುತ್ತ ಕೂತಿದ್ದ ಅಸದ್ ತಲೆ ಎತ್ತಿದ. ಅಲ್ಲಿಗೆ ತೀರ್ಪು ಮುಗಿಯಿತು.

ನಿರ್ಮಲಮ್ಮ ಕೂಗಿದ ಕೂಗಿಗೆ ಎದುರು ಮನೆಯವರು ಹೊರಗೆ ಬಂದರು. ಆಕೆಯ ಮಗ ಹಾಲೇಶ ಸುತ್ತಿಗೆ ಹಿಡಿದು ಮೇಲೆ ಹತ್ತಿದ. ಈ ಹಾಲೇಶ ಬೆಳಿಗ್ಗೆ ಹಣೆಗೆ ಮೂರು ಬೆರಳು ವಿಭೂತಿ ಬಳಿದು, ಸಂಜೆ ಕ್ರಿಕೆಟ್ ಬೆಟ್ಟಿಂಗಿನಲ್ಲಿ ಮುಳುಗುವ ಸೋಮಾರಿ. ಕೆಲಸವೆಂದು ಅವನು ಏನಾದರೂ ಹುರುಪಿನಿಂದ ಮಾಡಿದ್ದರೆ ಅದು ಅಂದು ಟ್ರಂಕಿನ ಕೊಂಡಿ ಒಡೆದದ್ದೇ.

"ಕೀಲಿ ಕೊಡ್ತೀನಿ, ಒಡೀಬ್ಯಾಡ್ರಿ!" ಎಂದು ಅಸದ್ ಕೈ ಅಡ್ಡ ಹಿಡಿದ. ಹಾಲೇಶ ಅವನನ್ನು ಗೋಡೆಗೆ ತಳ್ಳಿದ. ಹಯಾತ್ ಸಾಬರ ಕೊಂಡಿ ಸುಲಭಕ್ಕೆ ಬಗ್ಗಲಿಲ್ಲ. ಬಗ್ಗಿದ ಮೇಲೆ ಒಳಗಿನಿಂದ ಅಂಗಿಗಳು, ಪುಸ್ತಕಗಳು, ಅಮ್ಮಿ ಕಟ್ಟಿಕೊಟ್ಟ ಉಪ್ಪಿನಕಾಯಿ ಬಾಟಲಿ ಹೊರಬಂದವು. ಬೆಳ್ಳಿ ಬರಲಿಲ್ಲ.

"ಇಲ್ಲ ಅಂದ್ರೆ ಆಗ್ಲೇ ಸಾಗಿಸಿದಾನೆ ಅಂತ" ಎಂದರು ನಿರ್ಮಲಮ್ಮ. ಸಿಕ್ಕಿದ್ದರೂ ಕಳ್ಳ, ಸಿಗದಿದ್ದರೂ ಕಳ್ಳ. "ಕರಡಿಗೆ ತಂದಿಡು, ಟ್ರಂಕು ತಗಂಡು ಹೋಗು. ಅಲ್ಲೀತಂಕ ಈ ಗೇಟಿನಾಗೆ ಕಾಲಿಡಬ್ಯಾಡ."

ಅಸದ್ ಅವರ ಕಡೆ ನೋಡಲೇ ಇಲ್ಲ. "ಕೊಟ್ರೇಶಿ, ನಡಿ, ಸ್ಟೇಷನ್ನಿಗೆ ಹೋಗಣ. ಕಂಪ್ಲೇಂಟ್ ಕೊಡು. ನನ್ನ ಮೇಲೇ ಕೊಡು. ಅವ್ರೇ ಹುಡುಕ್ಲಿ" ಎಂದ.

"ಬ್ಯಾಡ ಬಿಡಲೇ" ಎಂದ ಕೊಟ್ಟೂರೇಶ್.

"ಯಾಕ ಬ್ಯಾಡ?"

ಕೊಟ್ಟೂರೇಶ್ ಟವೆಲನ್ನು ಮತ್ತೆ ಮೊಳೆಗೆ ಹಾಕಿದ. ನೋಡುತ್ತಿದ್ದವರು, ಪಾಪ, ಸ್ನೇಹಿತನೆಂದು ಕ್ಷಮಿಸಿದ, ಎಷ್ಟು ದೊಡ್ಡ ಮನಸ್ಸು ಎಂದರು. ಅಸದ್ ಉಟ್ಟ ಬಟ್ಟೆಯಲ್ಲೇ ಮೆಟ್ಟಿಲಿಳಿದ.

ಕಾಲೇಜಿನಲ್ಲಿ ಸುದ್ದಿ ಅವನಿಗಿಂತ ಮೊದಲೇ ಹೋಗಿ ಕೂತಿತ್ತು. 'ಬೆಳ್ಳಿ ಸಾಬ್' ಎಂಬ ಅಡ್ಡಹೆಸರು ಹುಟ್ಟಿತು. ಅವನು ಬಂದರೆ ಹುಡುಗರು ಬ್ಯಾಗಿನ ಜಿಪ್ಪು ಎಳೆದುಕೊಳ್ಳುವ ನಾಟಕ ಮಾಡುತ್ತಿದ್ದರು. ಬೇರೆ ರೂಮು ಕೇಳಲು ಹೋದಲ್ಲಿ, "ಆ ಕರಡಿಗೆ ಕೇಸಿನೋನಾ?" ಎಂದು ಬಾಗಿಲು ಹಾಕಿದರು. ಪುಸ್ತಕಗಳು ಟ್ರಂಕಿನಲ್ಲಿ, ಟ್ರಂಕು ನಿರ್ಮಲಮ್ಮನ ಕಟ್ಟಿಗೆ ಕೋಣೆಯಲ್ಲಿ. ಅಸದ್ ಹರಿಹರದ ಬಸ್ಸಿನಲ್ಲಿ ಮೊಬೈಲಿನ ಫೋಟೋ ನೋಡಿ ಓದುತ್ತಿದ್ದ, ಓದಿದ್ದು ತಲೆಗೆ ಹೋಗುತ್ತಿರಲಿಲ್ಲ. ಅವನಿಗೆ ಉರಿಯುತ್ತಿದ್ದದ್ದು ನಿರ್ಮಲಮ್ಮನ ಮಾತಲ್ಲ. ಆಕೆ ಮೊದಲ ದಿನದಿಂದಲೂ ಹಾಗೇ. ನೆಲ ನೋಡಿದ ಕೊಟ್ಟೂರೇಶನ ಆ ಕಣ್ಣು ಅವನನ್ನು ಸುಡುತ್ತಿತ್ತು.

ಹೀಗಿರುವಾಗ ಪವಾಡ ನಡೆಯಿತು. ನಾನು ಹೇಳಿದ್ದಲ್ಲ, ನಿರ್ಮಲಮ್ಮನೇ ಹಾಗೆಂದದ್ದು. ಸೋಮವಾರ ಬೆಳಿಗ್ಗೆ ದೇವರ ಕೋಣೆಯ ಗೂಡು ಒರೆಸುವಾಗ ಪಟದ ಹಿಂದೆ ಲಿಂಗ ಕೂತಿತ್ತಂತೆ! ಆಕೆ ತೆಂಗಿನಕಾಯಿ ಒಡೆದು, ಬೀದಿಗೆಲ್ಲ ಸಾರಿ, ಆನಗೋಡಿಗೆ ಫೋನು ಮಾಡಿದರು. ಕೊಟ್ಟೂರೇಶ್ ಅಸದ್‌ಗೆ ಎರಡೇ ಮಾತು ಕಳಿಸಿದ: 'ಲಿಂಗ ಸಿಕ್ತು. ಟ್ರಂಕ್ ಒಯ್ಯಿ.'

ಅಸದ್ ತಂದೆಯನ್ನು ಕರೆದುಕೊಂಡು ಬಂದಾಗ ವಾಮದೇವಪ್ಪನವರು ಒಳಗೆ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಕೊಟ್ಟೂರೇಶ್ ನಿಂತಿದ್ದ. ಅಕ್ಕಪಕ್ಕದ ಹೆಂಗಸರು ನೆರೆದಿದ್ದರು. ಹಾಲೇಶ ಜಗಲಿಯ ಮೇಲಿದ್ದ. ಅಪ್ಪ-ಮಗ ಹೊಸ್ತಿಲ ಹೊರಗೆ ನಿಂತರು.

"ಕಳ್ಳನ ಕೈಯಾಗೆ ಇರಾಕೆ ಶಿವಗೆ ಮನಸಾಗ್ಲಿಲ್ಲ ನೋಡ್ರಿ" ಎಂದು ನಿರ್ಮಲಮ್ಮ ಅಸದ್ ಕಡೆ ಕಣ್ಣು ಹಾಯಿಸಿದರು. "ತಾನೇ ಎದ್ದು ಬಂದು ನಮ್ಮ ಗೂಡಿನಾಗೆ ಕುಂತಾನೆ."

ವಾಮದೇವಪ್ಪನವರು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಅದನ್ನು ಹತ್ತಿಯಲ್ಲಿ ಸುತ್ತಿ, ಮೇಲೆ ಕಾವಿ ಬಟ್ಟೆ ಕಟ್ಟಲಾಗಿತ್ತು. ವಿಭೂತಿ ಹಚ್ಚಿತ್ತು, ಒಂದು ಬಿಲ್ವಪತ್ರೆಯೂ ಇತ್ತು.

"ಅಮ್ಮಾರೇ, ನಿಮ್ಮ ದೇವ್ರ ಕೋಣೆಗೆ ಯಾರ್ಯಾರು ಹೋಗ್ತೀರಿ?"

"ಯಾರನ್ನೂ ಬಿಡಂಗಿಲ್ರಿ!" ನಿರ್ಮಲಮ್ಮನ ದನಿ ಹೆಮ್ಮೆಯಿಂದ ಏರಿತು. "ಕೆಲಸದ ತಿಮ್ಮವ್ವನೂ ಹೊರಗೇನೇ. ಈ ಹುಡುಗ ಅಂತೂ ಹೊಸ್ತಿಲೇ ದಾಟಿಲ್ಲ, ಬೀದಿಯೋರ್ನ ಕೇಳ್ರಿ. ನಾನು, ನಮ್ಮ ಹಾಲೇಶ, ಇಬ್ಬರೇ."

"ಲಿಂಗ ಹೆಂಗಿಡಬೇಕು ಅಂತ ಗೊತ್ತಿದ್ದೋನೇ ಇಟ್ಟಾನೆ" ಎಂದರು ವಾಮದೇವಪ್ಪನವರು ಮೆಲ್ಲಗೆ. "ಕದಿಯಾಕೆ ಹೆದರಿಲ್ಲ. ಬಿಸಾಡಾಕೆ ಹೆದರ್ಯಾನೆ."

ಆಗ ಹೊರಗಿನಿಂದ ಅಸದ್ ಕೇಳಿದ:

"ಆಂಟಿ, ಲಿಂಗ ತಾನೇ ಎದ್ದು ಬಂತು, ಸರಿ. ಬೆಳ್ಳಿ ಕರಡಿಗೆ ಯಾಕ ಬರ್ಲಿಲ್ಲ?"

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಅಸದ್ ಯಾರ ಹೆಸರನ್ನೂ ಎತ್ತಿರಲಿಲ್ಲ. ಆದರೂ ಹಾಲೇಶ, "ಪೆಟ್ರೋಲ್ ಹಾಕಿಸ್ಕಂಡು ಬರ್ತೀನಿ" ಎಂದು ಬೈಕು ಒದ್ದು ಹೊರಟೇಬಿಟ್ಟ. ನಿರ್ಮಲಮ್ಮ ಮಗನ ಬೆನ್ನು ನೋಡಿದರು. ಹೊಸ್ತಿಲು ಕಾಯುತ್ತ ಕಾಯುತ್ತ ಒಳಗಿನದನ್ನು ನೋಡಲು ಮರೆತಿದ್ದ ಆಕೆಗೆ ಆಗ ಎಲ್ಲ ತಿಳಿಯಿತು. ಅಯ್ಯೋ ಪಾಪ ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ವಾಮದೇವಪ್ಪನವರು ಅಷ್ಟಕ್ಕೆ ಬಿಡಲಿಲ್ಲ. ಮಗನ ಕಡೆ ತಿರುಗಿದರು.

"ಸ್ನಾನಕ್ಕೆ ಹೋದಾಗ ತೆಗೆದಿದ್ದೆ ಅಂದಿ. ಅಷ್ಟು ಹೊತ್ತಿನಾಗೆ ಮಾಳಿಗೆಗೆ ಹಾಲೇಶ ಬಂದಿದ್ರೆ ರೂಮಾಗೆ ಕುಂತಿದ್ದ ಈ ಹುಡುಗ ನೋಡ್ತಿದ್ದ. ಖರೆ ಹೇಳು. ಯಾವಾಗ ತೆಗೆದಿ?"

ಕೊಟ್ಟೂರೇಶ್ ಅಳತೊಡಗಿದ. "ಮೊಳೆಗೆ ಹಾಕಿದ್ದೆ ಅಪ್ಪಾಜಿ. ಬಾಳ ದಿನ ಆಗಿತ್ತು. ನೀವು ಬೈತೀರಿ ಅಂತ..."

ತಂದೆ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಎದ್ದು ಬಂದು, ಹೊಸ್ತಿಲು ದಾಟಿ, ಹಯಾತ್ ಸಾಬರ ಮುಂದೆ ಕೈ ಮುಗಿದರು. "ತಪ್ಪು ನಮ್ದು, ಸಾಬ್ರೇ."

"ನೀವ್ಯಾಕ ಕೈ ಮುಗೀತೀರಿ ಯಜಮಾನ್ರೇ" ಎಂದರು ಹಯಾತ್ ಸಾಬರು.

ತಿಮ್ಮವ್ವ ಕಟ್ಟಿಗೆ ಕೋಣೆಯಿಂದ ಟ್ರಂಕು ಎಳೆದು ತಂದಳು. ಹಯಾತ್ ಸಾಬರು ಕುಕ್ಕರುಗಾಲಲ್ಲಿ ಕೂತು ಮುರಿದ ಕೊಂಡಿಯನ್ನು ಹೆಬ್ಬೆರಳಿನಿಂದ ಸವರಿದರು. ಅದನ್ನು ನೋಡಿ ಅಸದ್‌ನ ಕಣ್ಣು ತುಂಬಿತು. ಇಷ್ಟು ದಿನ ಬಾರದ ಅಳು ಅದು.

"ಪರೀಕ್ಷೆ ಮುಗಿಯೋತಂಕ ಇಲ್ಲೇ ಇರಪ್ಪ" ಎಂದರು ನಿರ್ಮಲಮ್ಮ, ನೆಲ ನೋಡುತ್ತ. "ಒಳಗೆ ಬಾ, ಕೂಡ್ರು. ನೀರು ಕುಡಿ."

"ನಲ್ಲಿ ನೀರು ಕುಡಿದೀನಿ ಆಂಟಿ, ಗೇಟ್ ಹತ್ರ" ಎಂದ ಅಸದ್.

ಅವನು ಬಗ್ಗಿ ಟ್ರಂಕಿನ ಒಂದು ಹಿಡಿಗೆ ಕೈ ಹಾಕಿದ. ಇನ್ನೊಂದು ಹಿಡಿಗೆ ಕೊಟ್ಟೂರೇಶ್ ಓಡಿ ಬಂದು ಕೈ ಹಾಕಿದ. ಮೊದಲ ದಿನ ಈ ಟ್ರಂಕನ್ನು ಮೇಲೆ ಹತ್ತಿಸಿದವರೂ ಅವರಿಬ್ಬರೇ.

"ಬಸ್‌ಸ್ಟ್ಯಾಂಡಿನ ತಂಕ ನಾನೂ ಹಿಡ್ಕಂತೀನಲೇ. ಭಾರ ಐತೆ."

ಅಸದ್ ಅವನ ಕೈಯನ್ನು ಹಿಡಿಯಿಂದ ಬಿಡಿಸಿದ.

"ನಿಂದೇ ನಿನ್ನ ಮೈಮೇಲೆ ಹೊರಾಕೆ ಆಗ್ಲಿಲ್ಲ ನಿಂಗೆ. ನಂದು ಯಾಕ ಹೊರ್ತಿ, ಬಿಡು."

ಅಪ್ಪನೂ ಮಗನೂ ಟ್ರಂಕನ್ನು ನಡುವೆ ಹಿಡಿದು ಗೇಟು ದಾಟಿದರು. ಕೊಂಡಿ ಇಲ್ಲದ ಮುಚ್ಚಳ ದಾರಿಯುದ್ದಕ್ಕೂ ಬಡಿದುಕೊಳ್ಳುತ್ತಿತ್ತು.