ಗೇಟಿನವರೆಗಿನ ಧಾಟಿ

ಪುಣೆಯ ಧನಕವಡಿಯ ಕನ್ನಡದವರ ಮನೆಯಲ್ಲಿ ಮದುವೆ ಗೊತ್ತಾದರೆ ಮೊದಲು ಮಂಗಲ ಕಾರ್ಯಾಲಯ ಹಿಡಿಯುತ್ತಾರೆ, ಆಮೇಲೆ ಅಡಿಗೆಯವರನ್ನು ಹಿಡಿಯುತ್ತಾರೆ, ಕೊನೆಗೆ ನೆನಪಾದರೆ ದೇವಾನಂದನನ್ನು. ನೆನಪಾಗದೆ ಹೋಗಬಾರದೆಂದು ದೇವಾನಂದ ತನ್ನ ಮಟ್ಟಿಗೆ ಒಂದು ಏರ್ಪಾಡು ಮಾಡಿಕೊಂಡಿದ್ದ. ಬಾಸಿಂಗ, ದಂಡೆ, ಅರಿಷಿಣ, ಅಕ್ಷತೆ ಮಾರುವ ಅಂಗಡಿ ಅವನದು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ತಾನು ಊದುವ ಸನಾದಿ ತೂಗುಹಾಕಿ, ಅದರ ಮೇಲೆ ಒಂದು ಬಲ್ಬು ಹಚ್ಚಿದ್ದ. ಬಾಸಿಂಗಕ್ಕೆ ಬಂದ ಗಿರಾಕಿ ಆ ಬೆಳಕಿಗೆ ತಲೆ ಎತ್ತಿದೊಡನೆ, "ಸನಾದಿಗೆ ಯಾರಿಗೆ ಹೇಳೀರಿ?" ಎಂದು ಕೇಳುತ್ತಿದ್ದ. ಯಾರಿಗೂ ಹೇಳಿಲ್ಲ ಎಂಬುದು ಇಬ್ಬರಿಗೂ ಗೊತ್ತಿರುತ್ತಿತ್ತು.

ಸನಾದಿ ಕಲಿಸಿದವನು ಸೋದರಮಾವ ಅವ್ವಣ್ಣ. ಇಂಡಿ ಕಡೆಯ ಹಳ್ಳಿಯಲ್ಲಿ ಮಾವ ಊದುತ್ತ ಮುಂದೆ ನಡೆಯಬೇಕು, ಅಳಿಯ ಊದುತ್ತ ಹಿಂದೆ ನಡೆಯಬೇಕು. ಧಾಟಿ ತಪ್ಪಿದರೆ ಬೈಗುಳವಿಲ್ಲ, ಪೆಟ್ಟಿಲ್ಲ. ಓಣಿಯ ತುದಿಗೆ ವಾಪಸು ಹೋಗಿ ಮತ್ತೆ ಮೊದಲಿನಿಂದ ನಡೆಯಬೇಕು, ಅಷ್ಟೇ. ಹೀಗೆ ಮದುಮಕ್ಕಳಿಗೆ ಎರೆಯುವ ಸುರಗಿ ನೀರಿನ ಧಾಟಿ, ಅಕ್ಕಿಕಾಳಿನ ಧಾಟಿ, ಎಲ್ಲವೂ ಕಾಲಿನಿಂದ ಹತ್ತಿ ಬೆರಳಿಗೆ ಬಂದವು. ಅವುಗಳಲ್ಲಿ ಎರಡರ ಬಗ್ಗೆ ಮಾವ ಎಚ್ಚರ ಹೇಳಿದ್ದ. ಮಗಳನ್ನು ಗಂಡನ ಮನೆಗೆ ಒಪ್ಪಿಸುವ ಧಾಟಿ ಒಂದು, ಹೆಣ ಎತ್ತುವ ಧಾಟಿ ಇನ್ನೊಂದು. ಎರಡೂ ಒಂದೇ ರೀತಿ ಶುರುವಾಗುತ್ತವೆ. "ಎರಡೂ ಮನೀ ಬಿಡಿಸೂವ ಅಲ್ಲೇನೋ," ಎನ್ನುತ್ತಿದ್ದ ಮಾವ. "ಹೊಸ್ತಿಲಾ ದಾಟೂತನಕ ದಾರಿ ಒಂದ. ಆಮ್ಯಾಲ ಹುಡಿಗೀದು ಮ್ಯಾಲ ಏರ್ತದ, ಹೆಣದ್ದು ಕೆಳಗ ಇಳೀತದ. ಅಲ್ಲಿ ನಿಗಾ ಇರ್ಲಿ."

ಪುಣೆಗೆ ಬಂದಮೇಲೆ ಆ ನಿಗಾದ ಅವಶ್ಯಕತೆಯೇ ಬೀಳಲಿಲ್ಲ. ಊರಿನಲ್ಲಾದರೆ ಮದುಮಗಳನ್ನು ಊರಬಾಗಿಲ ಅಗಸಿಯವರೆಗೆ ನಡೆಸಿಕೊಂಡು ಹೋಗುತ್ತಿದ್ದರು. ಇಲ್ಲಿ ಕಾರ್ಯಾಲಯದ ಬಾಗಿಲಿನಿಂದ ಗೇಟಿನವರೆಗೆ ನಡಿಗೆ, ಗೇಟಿನಲ್ಲಿ ಹೂ ಕಟ್ಟಿದ ಕಾರು. ಧಾಟಿಯ ಮೊದಲರ್ಧ ಮುಗಿಯುವಷ್ಟರಲ್ಲಿ ಕಾರಿನ ಗಾಜು ಏರಿರುತ್ತಿತ್ತು. ಮಿಕ್ಕರ್ಧವನ್ನು ಯಾರೂ ಕೇಳಲಿಲ್ಲ, ದೇವಾನಂದ ಕೊಡಲಿಲ್ಲ. ಕೇಳದ ಮಾಲನ್ನು ಅಂಗಡಿಯವನು ಮೇಲಿನ ಹಲಗೆಗೆ ತಳ್ಳುತ್ತಾನೆ, ಆಮೇಲೆ ಅಲ್ಲಿ ಧೂಳು ಝಾಡಿಸಲೂ ಹೋಗುವುದಿಲ್ಲ. ಇನ್ನೊಂದು ಧಾಟಿಯ ಕಥೆ ಬೇರೆ. ಪಿಂಪ್ರಿ-ಚಿಂಚವಾಡದ ಕಡೆ ಕಟ್ಟಡದ ಕೆಲಸಕ್ಕೆ ಬಂದ ನಮ್ಮವರ ವಸ್ತಿಗಳಲ್ಲಿ ಸಾವಾದರೆ ಅವನಿಗೆ ಹೇಳಿಕೆ ಬರುತ್ತಿತ್ತು. ಮದುವೆಯವರಿಗೆ ಕಾರು ಬಂದಿತ್ತು. ಸತ್ತವರನ್ನು ಮಾತ್ರ ಇನ್ನೂ ಹೆಗಲ ಮೇಲೆ ದೂರ ನಡೆಸುತ್ತಿದ್ದರು. ಹಾಗಾಗಿ ಅದು ಪೂರ್ತಿ ಉಳಿಯಿತು, ನುಣುಪಾಗಿ, ದಿನಬಳಕೆಯ ತಂಬಿಗೆಯ ಹಾಗೆ.

ಟೈಲ್ಸ್ ವ್ಯಾಪಾರಿ ಸಿದ್ದಲಿಂಗಪ್ಪನ ಮಗಳು ತ್ರಿವೇಣಿಯ ಮದುವೆ ಈ ಲೆಕ್ಕವನ್ನೆಲ್ಲ ಬಯಲಿಗೆಳೆಯಿತು. ಅಳಿಯ ಸ್ವಪ್ನಿಲ್ ಹಿಂಜವಾಡಿಯ ಐಟಿ ಕಂಪನಿಯವನು. ಒಪ್ಪಿಸುವ ಹೊತ್ತಿಗೆ ಅವನ ಕಾರಿಗೆ ಅಡ್ಡಲಾಗಿ ಇನ್ಯಾರದೋ ಗಾಡಿ ನಿಂತಿತ್ತು, ಅದರ ಡ್ರೈವರ್ ಊಟದ ಪಂಕ್ತಿಯಲ್ಲಿ ಎಲ್ಲಿಯೋ ಕೂತಿದ್ದ. ತ್ರಿವೇಣಿ ಗೇಟಿಗೆ ಬಂದು ನಿಂತಳು. ದೇವಾನಂದ ಮೊದಲರ್ಧ ಮುಗಿಸಿದ. ಕಾರಿಲ್ಲ. ಡೋಲು ಬಾರಿಸುತ್ತಿದ್ದ ಮಧುಕರ ಹುಬ್ಬಿನಿಂದಲೇ, ಮುಂದೆ ಹೋಗು ಎಂದ. ದೇವಾನಂದ ಮೇಲೇರಲು ಉಸಿರು ತುಂಬಿಕೊಂಡ. ಎಲ್ಲಿಗೆ ಏರಬೇಕು? ಅಲ್ಲಿ ಏನೂ ಇರಲಿಲ್ಲ. ಬೆರಳುಗಳು ಮಾತ್ರ ನಿಲ್ಲಲಿಲ್ಲ. ಅವು ತಮಗೆ ರೂಢಿಯಿದ್ದ ದಾರಿ ಹಿಡಿದು ಕೆಳಗೆ ಇಳಿದವು.

ಒಂದು ಸುತ್ತು ಮುಗಿದಾಗ ಅದು ಯಾವ ಧಾಟಿಯೆಂದು ಅವನಿಗೆ ಗೊತ್ತಾಯಿತು. ನಿಲ್ಲಿಸಲು ಬರುವಂತಿರಲಿಲ್ಲ. ಹುಡುಗಿ ಗೇಟಿನಲ್ಲಿರುವಾಗ ಸನಾದಿ ಬಾಯಿ ಮುಚ್ಚಿದರೆ ಅದೂ ಅಪಶಕುನವೇ. ಅಪಶಕುನವನ್ನೇ ಇಂಪಾಗಿ ನುಡಿಸುತ್ತ ನಿಂತ. ಹೆಂಗಸರು ಎಂದೂ ಅಳದಷ್ಟು ಅತ್ತರು. ಸ್ವಪ್ನಿಲ್‌ನ ಗೆಳೆಯರು ಮೊಬೈಲ್ ಎತ್ತಿ ಹಿಡಿದರು. ಸಿದ್ದಲಿಂಗಪ್ಪನ ತಾಯಿ ಕಾಶವ್ವ ಒಬ್ಬಳೇ ಅಳಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಿಂದ ದೇವಾನಂದನನ್ನೇ ನೋಡಿದಳು, ಆಮೇಲೆ ನಿಧಾನವಾಗಿ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಬೀದಿಯಲ್ಲಿ ಹೆಣ ಹೋಗುವಾಗ ಎಳೆದುಕೊಳ್ಳುವ ಹಾಗೆ.

ಕಾರು ಹೋದಮೇಲೆ ಸಿದ್ದಲಿಂಗಪ್ಪ ತನ್ನ ಕೈಯಾರೆ ಅವನ ತಲೆಗೆ ಕೇಸರಿ ಫೇಟಾ ಸುತ್ತಿದ. "ದೇವಾನಂದಾ, ಕರಳ ಹಿಂಡಿದಿ ನೋಡಪಾ. ಎಲ್ಲಿಂದು ಈ ಧಾಟಿ?"

ನಿಜ ಹೇಳಲು ಅದು ಸರಿಯಾದ ಸಮಯ. ದೇವಾನಂದ ಹೇಳಿದ್ದು, "ನಮ್ಮ ಮಾವಂದರಿ ಸಾವಕಾರ್ರ. ಭಾಳ ಅಪರೂಪದ್ದು. ಎಲ್ಲಾರಿಗೂ ನುಡಸೂದಿಲ್ಲ."

ರಿಕ್ಷಾದಲ್ಲಿ ಮಧುಕರ ಡೋಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ, "ಅಣ್ಣಾ, ಇವತ್ತ ಯಾರ್ನ ಎತ್ತಿದಿ?"

"ಬಾಯಿ ಮುಚ್ಚು."

"ನಾ ಮುಚ್ಚೇನಿ. ನೀ ಫೇಟಾನರ ತಗಿ, ನನಗ ನಗು ಬರ್ತದ."

ಮರುದಿನದಿಂದ ದೇವಾನಂದ ಮಿಕ್ಕರ್ಧವನ್ನು ಹುಡುಕಲು ಹೊರಟ. ಅವ್ವಣ್ಣಮಾವ ತೀರಿ ಬಹಳ ಕಾಲವಾಗಿತ್ತು, ಊರಿನ ಮದುವೆಗಳಿಗೆ ಬ್ಯಾಂಡು ಬಂದಿತ್ತು. ಕಾಲಿನಿಂದ ಕಲಿತದ್ದು ಕಾಲಿಗಾದರೂ ನೆನಪಿದ್ದೀತೆಂದು ಬೆಳಿಗ್ಗೆ ಕಾತ್ರಜ ಕೆರೆಯ ಕಡೆ ಬಾಯಲ್ಲೇ ಧಾಟಿ ಗುನುಗುತ್ತ ನಡೆದ. ಹೊಸ್ತಿಲು ದಾಟುವವರೆಗೆ ಬರುತ್ತಿತ್ತು, ಅಲ್ಲಿಂದ ಪ್ರತಿಸಲವೂ ಸ್ಮಶಾನದ ಕಡೆ ತಿರುಗುತ್ತಿತ್ತು. ಹೆಂಡತಿ ಸಕ್ಕುಬಾಯಿ, "ಸಕ್ಕರಿ ಕಾಯ್ಲೆ ಏನರ ಬಂದದೇನು, ಹಿಂಗ ವಾಕಿಂಗ್ ಹೊಂಟೀರಿ?" ಎಂದು ಕೇಳಿದಳು. ಅವಳಿಗೂ ಹೇಳಲಿಲ್ಲ.

ಒಂದು ದಿನ ಸಿದ್ದಲಿಂಗಪ್ಪ ಕರ್ಪೂರ ಕೊಳ್ಳಲು ಅಂಗಡಿಗೆ ಬಂದ. ಅವನ ಜೇಬಿನಲ್ಲಿ ಮೊಬೈಲ್ ಕೂಗಿತು. ಹೆಣ ಎತ್ತುವ ಧಾಟಿ, ದೇವಾನಂದನದೇ ಉಸಿರು. "ಅಳಿಯಾ ರಿಂಗ್‌ಟೋನ್ ಹಾಕಿಕೊಟ್ಟಾನ," ಎಂದು ಸಿದ್ದಲಿಂಗಪ್ಪ ಹಿಗ್ಗಿ, ಫೋನ್ ಎತ್ತದೆ ಪೂರ್ತಿ ಕೇಳಿಸಿದ. ದೇವಾನಂದ ಕರ್ಪೂರದ ಬದಲು ಗುಲಾಲು ಕಟ್ಟಿಕೊಟ್ಟ.

ಆ ಮಾಲಿಗೆ ಬೇಡಿಕೆಯೂ ಹುಟ್ಟಿತು. ಸಿದ್ದಲಿಂಗಪ್ಪನ ಗೆಳೆಯ ಚನ್ನವೀರ ಮಗಳು ಸುರಭಿಯ ಮದುವೆಗೆ ಬಾಸಿಂಗ ಆರಿಸುತ್ತ, "ಸಿದ್ದಲಿಂಗಪ್ಪಗ ನುಡಿಸಿದ್ದ ನಮಗೂ ನುಡಸ್ರಿ. ಕಡಿಮಿ ಮಾಡಬ್ಯಾಡ್ರಿ," ಎಂದ.

"ಆವತ್ತ ನನಗ ಬ್ಯಾರೆ ಕಡೆ ಹೇಳಿಕಿ ಅದರಿ."

"ಹಂಗಾರ ಬಿಡ್ರಿ. ಸಿದ್ದಲಿಂಗಪ್ಪನ ಮೊಬೈಲ್‌ದಾಗ ಅದ. ಸ್ಪೀಕರಿಗೆ ಹಚ್ತೀವಿ."

ಇನ್ನು ತಾನಿಲ್ಲದೆಯೂ ತನ್ನ ತಪ್ಪು ಮದುವೆ ಮಾಡಿಸುತ್ತ ತಿರುಗುತ್ತದೆ ಎಂಬುದು ದೇವಾನಂದನಿಗೆ ಹೊಳೆಯಿತು. ಆ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು ಕಾಶವ್ವನ ಮನೆಗೆ ಹೋದ. ಮಗ ಟೈಲ್ಸ್ ಅಂಗಡಿಯಲ್ಲಿದ್ದ, ಮುದುಕಿ ಮೆಂತೆಸೊಪ್ಪು ಸೋಸುತ್ತಿದ್ದಳು.

"ಆಯೀ, ಆವತ್ತ..."

"ಗೊತ್ತದ ಕುಂದ್ರು. ನಮ್ಮ ಯಜಮಾನ್ರನ್ನ ಅದ ಧಾಟಿ ಮ್ಯಾಲ ಹೊಲಕ್ಕ ಒಯ್ದಿದ್ರು. ನಾ ಮರೀತೀನೇನು?"

"ಯಾಕ ಸುಮ್ಮಕಾದ್ರಿ ಮತ್ತ?"

"ಹೇಳಿದ್ರ ಸೊಸಿ ಎದಿ ಒಡಕೋತಿದ್ಲು. ತ್ರಿವೇಣಿ ಆರಾಮದಾಳ, ದಿನಾ ಗಂಡಗ ಬೈತಾಳ. ಆದ್ರ ಪ್ರತೀ ಸಲ ಫೋನ್ ಬಂದಾಗ ನನಗ ಆಕೀಗೇ ಏನೋ ಆಗ್ಯದ ಅನಸ್ತದ. ಆ ಭಾರ ನಂದಲ್ಲ, ನಿಂದು."

ದೇವಾನಂದ ಕೇಳಿದ, "ಒಪ್ಪಿಸೂದರ ಮುಂದಿನ ಅರ್ಧ ಮರತೀನಿ ಆಯಿ. ನಿಮ್ಮನ್ನ ಅಗಸೀತನಕ ನಡಿಸಿಕೊಂಡು ಬಂದಿರಬೇಕಲ್ಲ. ಸ್ವಲ್ಪರ ನೆನಪದ ಏನು?"

ಕಾಶವ್ವ ಸೋಸುವುದನ್ನು ನಿಲ್ಲಿಸಿ ನೆನಪಿಸಿಕೊಳ್ಳಲು ನೋಡಿದಳು. "ಅಳಾಕತ್ತಿದ್ನೋ ತಮ್ಮಾ. ಯಾವ ಹುಡಿಗಿ ಅದನ್ನ ಕೇಳಿರ್ತಾಳ?"

ಅವನು ಎದ್ದ. ಅವಳು ಹಿಂದಿನಿಂದ ಹೇಳಿದಳು, "ಆ ಚನ್ನವೀರನ ಮನ್ಯಾಗೂ ಒಂದು ಮುದುಕಿ ಅದಾಳ. ಆಕೀನೂ ನನ್ನಂಗ ಸೆರಗ ಎಳಕೊಂಡು ಕುಂದರಬೇಕೇನು?"

ಸುರಭಿಯ ಮದುವೆಗೆ ದೇವಾನಂದ ಕರೆಯದೆ ಹೋದ. ಮಧುಕರನನ್ನು ಕೆಲಸದ ಪಾಳಿ ತಪ್ಪಿಸಿ ಎಳೆದುಕೊಂಡು ಹೋದ. ಸ್ಪೀಕರಿನವನು ಸಿದ್ದಲಿಂಗಪ್ಪನ ಮೊಬೈಲಿಗೆ ವಾಯರ್ ಸಿಕ್ಕಿಸಿ ಕೂತಿದ್ದ. ಚನ್ನವೀರ, "ಬಂದ್ರೇನು? ಅಡ್ಡಿ ಇಲ್ಲ, ಖರೇದ ಆಗ್ಲಿ," ಎಂದು ವಾಯರ್ ಕೀಳಿಸಿದ. ಆ ಧಾಟಿ ಏನೆಂದು ಅವನಿಗೆ ತಿಳಿಸಬಹುದಿತ್ತು. ಆದರೆ ಮದುವೆಮನೆಯಲ್ಲಿ ಆ ಶಬ್ದವನ್ನು ಬಾಯಿಂದ ತೆಗೆಯುವುದು ಹೇಗೆ?

ಸುರಭಿ ಗೇಟಿಗೆ ಬಂದಳು. ದೇವಾನಂದ ಮೊದಲರ್ಧ ನುಡಿಸಿದ. ಫೋಟೋದವನು ಇನ್ನೊಂದು, ಇನ್ನೊಂದು ಎಂದು ಹುಡುಗಿಯನ್ನು ಅಲ್ಲೇ ನಿಲ್ಲಿಸಿಕೊಂಡ. ದೇವಾನಂದ ಮತ್ತೆ ಮೊದಲಿನಿಂದ ಶುರುಮಾಡಿದ. ಮೂರನೇ ಸಲವೂ ಅದೇ ಬಂದಾಗ ಜನ ಒಬ್ಬರನ್ನೊಬ್ಬರು ನೋಡಿದರು. ಚನ್ನವೀರ ಕಿವಿಯ ಹತ್ತಿರ ಬಂದ. "ಮುಂದಿಂದು ಹಚ್ಚ್ರಿ. ಆ ಅಳು ಬರೂದು."

ದೇವಾನಂದ ಸನಾದಿಯನ್ನು ತುಟಿಯಿಂದ ತೆಗೆದ. ಡೋಲೂ ನಿಂತಿತು. "ಮುಂದಿಂದು ನನಗ ಬರೂದಿಲ್ಲರಿ. ಮರತೀನಿ."

"ಸಿದ್ದಲಿಂಗಪ್ಪನ ಮನ್ಯಾಗ ಬಂತಲ್ಲ?"

ಸಿದ್ದಲಿಂಗಪ್ಪ ಎರಡು ಹೆಜ್ಜೆ ಆಚೆ, ಮೊಬೈಲಿನ ವಾಯರ್ ಸುತ್ತುತ್ತ ನಿಂತಿದ್ದ. ದೇವಾನಂದ ಅವನನ್ನೇ ನೋಡುತ್ತ, "ಅಲ್ಲಿನೂ ಬರ್ಲಿಲ್ಲರಿ. ಅದು ಒಪ್ಪಿಸೂದು ಅಲ್ಲ," ಎಂದ.

ಹಾಗಾದರೆ ಅದು ಯಾವುದು ಎಂದು ಸಿದ್ದಲಿಂಗಪ್ಪ ಕೇಳಲಿಲ್ಲ. ಮಾಲು ನೋಡಿ ಬದುಕಿದ ಮನುಷ್ಯ. ಮಾರಿದವನ ಮುಖ ನೋಡಿದರೆ ಸಾಕಿತ್ತು. ಅವನ ಹೆಬ್ಬೆರಳು ಮೊಬೈಲಿನ ಗಾಜಿನ ಮೇಲೆ ಏನನ್ನೋ ಹುಡುಕಿತು. ಅಳಿಯ ಹಾಕಿಕೊಟ್ಟದ್ದನ್ನು ತೆಗೆಯುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಗೇಟಿನಲ್ಲಿ ಸುರಭಿ ಕಾಯುತ್ತಿದ್ದಳು. ದೇವಾನಂದ ಮೊದಲರ್ಧವನ್ನು ಮತ್ತೆ ಹಿಡಿದ.