ಹೊತ್ತು ಮುಳುಗುವುದರೊಳಗೆ ಕೊಲ್ಲಾಪುರ

ಕೊಲ್ಲಾಪುರದ ಹಗಲಿನ ಬಗ್ಗೆ ಏನು ಬೇಕಾದರೂ ನನ್ನನ್ನು ಕೇಳಿ, ಹೇಳುತ್ತೇನೆ. ಮಹಾದ್ವಾರ ರಸ್ತೆಯಲ್ಲಿ ಯಾವ ಹೊತ್ತಿಗೆ ಯಾವ ಬದಿಗೆ ನೆರಳು ಬೀಳುತ್ತದೆ, ಚಪ್ಪಲಿ ಅಂಗಡಿಯವರು ಯಾವಾಗ ಚೌಕಾಸಿಗೆ ಬಗ್ಗುತ್ತಾರೆ, ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಕಾಲು ಚಾಚಿ ಕೂರಲು ಯಾವ ಮೂಲೆ ಒಳ್ಳೆಯದು, ದೇವಿಯ ಗುಡಿಯ ಸಾಲು ಯಾವಾಗ ಸಣ್ಣದಾಗುತ್ತದೆ, ಎಲ್ಲ ನನಗೆ ಬಾಯಿಪಾಠ. ಆದರೆ ಅದೇ ಊರು ದೀಪ ಹಚ್ಚಿದ ಮೇಲೆ ಹೇಗೆ ಕಾಣುತ್ತದೆ ಎಂದು ಯಾರಾದರೂ ಕೇಳಿದರೆ ಮೊನ್ನೆ ಮೊನ್ನೆಯವರೆಗೂ ನಾನು ಮಾತು ಬದಲಿಸುತ್ತಿದ್ದೆ. ಮದುವೆಯಾಗಿ ಈ ಕಡೆ ಬಂದು, ಮಗಳ ಮದುವೆಯನ್ನೂ ಮಾಡಿ ಮುಗಿಸಿದ ಹೆಂಗಸು ನಾನು. ರಂಕಾಳಾ ಕೆರೆಯ ದಂಡೆಯ ದೀಪಗಳನ್ನು ಮಾತ್ರ ಬೇರೆಯವರ ಮೊಬೈಲಿನಲ್ಲೇ ನೋಡಿದ್ದೆ. ಅವನ್ನು ಒಮ್ಮೆ ಎದುರಿಗೆ ನಿಂತು ನೋಡಬೇಕೆಂಬ ಆಸೆ ಹೊಸ ಸೊಸೆಯಾಗಿದ್ದಾಗ ಹುಟ್ಟಿದ್ದು, ನನ್ನ ಜೊತೆಗೇ ವಯಸ್ಸಾಗುತ್ತ ಬಂದಿತ್ತು.

ಇದಕ್ಕೆ ಕಾರಣ ನಮ್ಮ ಅತ್ತೆ ಎಂದು ನಾನು ನಂಬಿದ್ದೆ. ಅತ್ತೆಯ ಮೇಲೆ ದೂರು ಹೇಳಲು ಪೆನ್ನು ಹಿಡಿದಿದ್ದಾಳೆ ಎಂದುಕೊಳ್ಳಬೇಡಿ. ಹಾಗೆ ಹೇಳುವುದಿದ್ದರೆ ಪೆನ್ನು ಯಾಕೆ ಬೇಕು, ತಂಗಿಗೆ ಫೋನು ಮಾಡಿದರೆ ಸಾಕಾಗುತ್ತದೆ. ನಮ್ಮದು ನೂಲ ಎಂಬ ಹಳ್ಳಿಯ ಒಕ್ಕಲುತನದ ಜೈನ ಮನೆ. ನಮ್ಮ ಮನೆಯವರಿಗೆ ಹತ್ತಿರದ ಗಡಹಿಂಗ್ಲಜದಲ್ಲಿ ಗೊಬ್ಬರದ ಅಂಗಡಿಯೂ ಇದೆ. ಅತ್ತೆಯದು ಹೊತ್ತು ಮುಳುಗಿದ ಮೇಲೆ ಉಣ್ಣಬಾರದು ಎಂಬ ನೇಮ. ಉಣ್ಣುವುದಿರಲಿ, ಒಂದು ಗುಟುಕು ನೀರನ್ನೂ ಮುಟ್ಟುವುದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆಗಳಿಗಂತೂ ಅವರ ತಾಟಿನಲ್ಲಿ ಯಾವ ಹೊತ್ತಿನಲ್ಲೂ ಜಾಗವಿಲ್ಲ. ಎಣ್ಣೆ ದೀಪದ ಕಾಲದಲ್ಲಿ ಕತ್ತಲೆಯಲ್ಲಿ ಹುಳುಹುಪ್ಪಟೆ ಅನ್ನಕ್ಕೆ ಬಿದ್ದು ಸಾಯಬಾರದೆಂದು ಹಿರಿಯರು ಮಾಡಿದ ಕಟ್ಟಳೆ ಅದು. ನಮ್ಮ ಮನೆಯವರು ಕಾಲೇಜು ಕಲಿಯುವಾಗ ಒಮ್ಮೆ, "ಅವ್ವಾ, ಈಗ ಟ್ಯೂಬ್ ಲೈಟ್ ಬಂದಾವಲ್ಲ, ಇನ್ನ ಯಾಕ ಈ ನೇಮಾ?" ಎಂದು ವಾದಕ್ಕೆ ನಿಂತಿದ್ದರಂತೆ. ಅತ್ತೆ ರೊಟ್ಟಿ ಬಡಿಯುತ್ತಲೇ, "ಟ್ಯೂಬ್ ಲೈಟಿಗಿ ಹುಳಾ ಬರೂದಿಲ್ಲೇನಪಾ?" ಎಂದು ಕೇಳಿದರಂತೆ. ಅಲ್ಲಿಗೆ ಆ ವಾದ ಮುಗಿಯಿತು. ವಿಜ್ಞಾನ ಓದುತ್ತಿದ್ದ ಹುಡುಗ ಮಾರನೆಯ ವರ್ಷ ವಾಣಿಜ್ಯಕ್ಕೆ ಬದಲಾದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವರು ಇಂದಿಗೂ ಹೇಳುತ್ತಾರೆ.

ನಾನು ಹುಟ್ಟಿ ಬೆಳೆದದ್ದು ಇಚಲಕರಂಜಿಯ ಶಹಾಪುರದಲ್ಲಿ. ನಾವೂ ಜೈನರೇ. ಆದರೆ ನಮ್ಮಪ್ಪ ನೂಲಿನ ವ್ಯಾಪಾರಿ, ಮಗ್ಗಗಳು ಎದ್ದಿರುವಷ್ಟು ಹೊತ್ತು ಅವರೂ ಎದ್ದಿರುತ್ತಿದ್ದರು, ನೇಮವೆಲ್ಲ ಚಾತುರ್ಮಾಸಕ್ಕೆ ಮೀಸಲು. ನಮ್ಮ ಓಣಿಯಲ್ಲಿ ಹಗಲಿಗೊಂದು ಪಾಳಿ, ರಾತ್ರಿಗೊಂದು ಪಾಳಿ. ಯಾವ ಹೊತ್ತಿನಲ್ಲೂ ಮಗ್ಗ ಖಟಖಟ ಎನ್ನುತ್ತಿತ್ತು, ಯಾವ ಹೊತ್ತಿನಲ್ಲೂ ಚಹಾದ ಗಾಡಿಯ ಮೇಲೆ ದೀಪವಿರುತ್ತಿತ್ತು. ಅಂಥ ಓಣಿಯಿಂದ ಬಂದವಳಿಗೆ ದೊಡ್ಡ ಊರೆಂದರೆ ಎರಡೂ ಪಾಳಿ ನಡೆಸುವ ಊರು. ನನಗೆ ಕೊಲ್ಲಾಪುರದ ಹಗಲು ಪಾಳಿಯಷ್ಟೇ ದಕ್ಕಿತ್ತು.

ಹಗಲು ಪಾಳಿಯಲ್ಲಿ ನಾವು ಏನೂ ಬಿಡುತ್ತಿರಲಿಲ್ಲ, ಅದನ್ನೂ ಹೇಳಬೇಕು. ಗಡಹಿಂಗ್ಲಜ ಬಿಟ್ಟು ಸಂಕೇಶ್ವರ, ನಿಪ್ಪಾಣಿ, ಕಾಗಲ್ ದಾಟಿ ಹೋಗುವ ದಾರಿಯಲ್ಲಿ ಅಂಗಡಿಯ ಬೋರ್ಡುಗಳು ಮರಾಠಿಯಿಂದ ಕನ್ನಡಕ್ಕೆ ಬಂದು ಮತ್ತೆ ಮರಾಠಿಗೆ ತಿರುಗುತ್ತವೆ. ಅತ್ತೆಯ ಮಾತೂ ಹಾಗೇ, ಅವರಿಗೆ ಮಾತ್ರ ಬೋರ್ಡು ಬೇಕಾಗುವುದಿಲ್ಲ. ಊರು ಮುಟ್ಟಿದ ಕೂಡಲೇ ಬಸದಿ, ಆಮೇಲೆ ಗುಜರಿ ಎಂಬ ಚಿನಿವಾರ ಪೇಟೆಯ ಬಂಗಾರದ ಅಂಗಡಿಗಳ ಮುಂದೆ ನಿಂತು ಯಾವುದನ್ನೂ ಕೊಳ್ಳದೆ ಎಲ್ಲದರಲ್ಲೂ ಕೊಂಕು ಹುಡುಕುವ ಕಾರ್ಯಕ್ರಮ, ಆಮೇಲೆ ಸೀರೆ, ಆಮೇಲೆ ಅರಮನೆ. ಅಲ್ಲಿಯ ಸತ್ತ ಹುಲಿಗಳನ್ನು ಕಂಡಾಗಲೆಲ್ಲ ಅತ್ತೆ ಕೈ ಮುಗಿದು, ಬಂದೂಕುಗಳನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದರು. ನಡುವೆ ಎಲ್ಲಾದರೂ ಗಿಡದ ನೆರಳು ಹುಡುಕಿ ನಮ್ಮ ಕಟಗ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚುತ್ತಿದ್ದೆವು. ಬಿಸಿಲು ಇಳಿಯುವ ಹೊತ್ತಿಗೆ ಬುತ್ತಿಯ ಎರಡನೆಯ ಗಂಟು. ಒಮ್ಮೆ ಬುತ್ತಿ ಮರೆತು ಹೋಟೆಲಿಗೆ ಹೋದಾಗ ಒಂದು ಸತ್ಯ ತಿಳಿಯಿತು: ಹಗಲೂಟ ಮುಗಿದು ರಾತ್ರಿಯೂಟ ಶುರುವಾಗದ ಆ ವೇಳೆಯಲ್ಲಿ ದೊಡ್ಡ ಊರಿನಲ್ಲಿ ಮನುಷ್ಯನಿಗೆ ಹಸಿವಾಗುವುದೇ ಇಲ್ಲವೆಂದು ಹೋಟೆಲಿನವರು ತಿಳಿದಿರುತ್ತಾರೆ. ಕುರ್ಚಿಗಳೆಲ್ಲ ಮೇಜಿನ ಮೇಲೆ ಕಾಲು ಮೇಲೆ ಮಾಡಿ ಮಲಗಿದ್ದವು. ಅಂದಿನಿಂದ ಬುತ್ತಿ ಮರೆತದ್ದಿಲ್ಲ.

ಎರಡನೆಯ ಗಂಟು ಬಿಚ್ಚಿ ಕೈ ತೊಳೆದರೆ ನಮ್ಮ ಕೊಲ್ಲಾಪುರ ಮುಗಿಯಿತು. ನಮ್ಮ ಮನೆಯವರು ಕಾರಿನ ಕೀಲಿ ಕುಲುಕಿಸುತ್ತಿದ್ದರು, ನಾನು ಚೀಲ ಎತ್ತಿಕೊಳ್ಳುತ್ತಿದ್ದೆ, ಅತ್ತೆ ಹಿಂದಿನ ಸೀಟಿನಲ್ಲಿ ಕೂತು ಸೆರಗು ಹೊದ್ದುಕೊಳ್ಳುತ್ತಿದ್ದರು. ಊರೆಲ್ಲ ಸಂಜೆಗೆಂದು ತಲೆ ಬಾಚಿಕೊಂಡು ಹೊರಬೀಳುವ ಹೊತ್ತಿಗೆ ನಾವು ಎದುರು ದಿಕ್ಕಿನಲ್ಲಿ ಹೊರಟಿರುತ್ತಿದ್ದೆವು. ಕಿಟಕಿಯಿಂದ ಒಂದೆರಡು ದೀಪ ಹತ್ತುವುದು ಕಾಣುತ್ತಿತ್ತು, ಅಷ್ಟರಲ್ಲಿ ಹೆದ್ದಾರಿ ಬರುತ್ತಿತ್ತು. ನನಗೆ ಬೇಜಾರಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹಿರಿಯ ಜೀವದ ನೇಮದ ಮುಂದೆ ದೀಪ ನೋಡುವ ಆಸೆಯನ್ನು ಹೇಗೆ ಇಡುವುದು?

ಈ ಚಳಿಗಾಲದಲ್ಲಿ ಅತ್ತೆಯ ಕಣ್ಣಿನ ಪೊರೆ ತೆಗೆಸಿದೆವು. ಎಲ್ಲ ಸರಿಹೋಗಿತ್ತು, ಕೊನೆಯ ತಪಾಸಣೆಯೊಂದು ಉಳಿದಿತ್ತು. ಅದಕ್ಕೆಂದು ಕೊಲ್ಲಾಪುರಕ್ಕೆ ಹೋದ ದಿನ ದವಾಖಾನೆಯಲ್ಲಿ ಜಾತ್ರೆಯಷ್ಟು ಜನ. ಕೂತು ಕೂತು ಬೇಸತ್ತು, ಸಂಜೆಗೆಂದು ಇಟ್ಟಿದ್ದ ಬುತ್ತಿಯನ್ನೂ ಮಧ್ಯಾಹ್ನವೇ ಪಕ್ಕದ ಬೆಂಚಿನವರ ಜೊತೆ ಹಂಚಿ ತಿಂದು ಮುಗಿಸಿದ್ದೆವು. ಹಂಚುವ ಉತ್ಸಾಹ ನನ್ನದೇ. ಡಾಕ್ಟರು "ಕಣ್ಣು ಛಾನ ಆಗ್ಯಾವ" ಎಂದು ನಗುತ್ತ ಕಳಿಸಿಕೊಡುವ ಹೊತ್ತಿಗೆ ಬಿಸಿಲು ಗೋಡೆಯ ಮೇಲ್ತುದಿಗೆ ಏರಿಬಿಟ್ಟಿತ್ತು.

ನಮ್ಮ ಮನೆಯವರ ಮುಖ ನೋಡಬೇಕಿತ್ತು. ತಾಯಿ ಬೆಳಗಿನವರೆಗೆ ಹಸಿದಿರಬೇಕಾಗುತ್ತದೆಂದು ಅವರು ಗಲ್ಲಿ ಗಲ್ಲಿ ಕಾರು ತಿರುಗಿಸಿದರು. ಒಂದು ಕಡೆ ಸಿಗ್ನಲ್, ಒಂದು ಕಡೆ ಮದುವೆಯ ಮೆರವಣಿಗೆ. ಬಾಳೆಹಣ್ಣಿನ ಗಾಡಿಯೊಂದು ಕಂಡಿತು, ನಿಲ್ಲಿಸಲು ಜಾಗವಿಲ್ಲ. ಹಿಂದಿನಿಂದ ಅತ್ತೆ, "ಸಾವಕಾಶ ಹೊಡಿಯೋ, ಒಂದ ರಾತ್ರಿ ಉಪಾಸ ಇದ್ರ ನಾ ಏನ ಸಾಯೂದಿಲ್ಲ" ಎನ್ನುತ್ತಲೇ ಇದ್ದರು. ಸಂದಿಯೊಂದು ದಾಟುತ್ತಲೇ ಎದುರಿಗೆ ಒಮ್ಮೆಲೇ ಬಯಲಾಯಿತು. ರಂಕಾಳಾ. ಕೆರೆಯ ಆಚೆ ದಂಡೆಯ ಮೇಲೆ ಸೂರ್ಯ ಇನ್ನೂ ಗಿಡಗಳಿಂದ ಮೇಲಿದ್ದ.

ದಂಡೆಯ ಉದ್ದಕ್ಕೂ ಚಿರಮುರಿ ಕಲಸಿ ಕೊಡುವ ಭೇಳಿನ ಗಾಡಿಗಳು ಆಗಷ್ಟೇ ಬಂದು ನಿಲ್ಲುತ್ತಿದ್ದವು. ಮೊದಲ ಗಾಡಿಯವನು ಊದಿನಕಡ್ಡಿ ಹಚ್ಚಿ, ಇನ್ನೂ ದೇವರ ಪಟಕ್ಕೆ ಬೆಳಗುತ್ತಿದ್ದ. ನಾನು ಅವನ ಮುಂದೆ ನಿಂತು ನಮ್ಮ ಕಟ್ಟಳೆಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ. ಅವನು ಊದಿನಕಡ್ಡಿಯನ್ನು ಕೈಯಲ್ಲೇ ಹಿಡಿದು, "ಕಾಂದಾ ನಾಹೀ, ಬಟಾಟಾ ನಾಹೀ, ಲಸೂಣ ನಾಹೀ. ಮಗ ಆಜೀ, ಘಾಲೂ ಕಾಯ?" ಎಂದು ಅತ್ತೆಯನ್ನೇ ಕೇಳಿದ. ಹಾಗಾದರೆ ಹಾಕುವುದಾದರೂ ಏನನ್ನು, ಅಜ್ಜೀ?

ಅತ್ತೆ ಒಂದು ಕಣ್ಣು ಸೂರ್ಯನ ಮೇಲಿಟ್ಟು, ಅವನದೇ ಭಾಷೆಯಲ್ಲಿ, "ಜೇ ರಾಹಿಲಂ ತೇ ಘಾಲ ಬಾಳಾ, ಪಣ ಲವಕರ ಘಾಲ" ಎಂದರು. ಉಳಿದದ್ದನ್ನು ಹಾಕು ಮಗನೇ, ಆದರೆ ಲಗೂನ ಹಾಕು.

ಉಳಿದದ್ದೆಂದರೆ ಚಿರಮುರಿ, ಪುಟಾಣಿ, ಶೇವು, ಟೊಮೆಟೊ, ಒಂದು ಹಿಡಿ ಕೊತ್ತಂಬರಿ, ಮೇಲೊಂದಿಷ್ಟು ನಿಂಬೆರಸ. ಹೊರಗಿನದನ್ನು ಎಂದೂ ಮುಟ್ಟದ ನಮ್ಮ ಅತ್ತೆ ದಂಡೆಯ ಕಟ್ಟೆಯ ಮೇಲೆ ಕೂತು ಕಾಗದದ ಪೊಟ್ಟಣದಿಂದ ತಿನ್ನತೊಡಗಿದರು. ನಾವಿಬ್ಬರೂ ಎದುರಿಗೆ ನಿಂತು ಒಮ್ಮೆ ಅವರ ಬಾಯಿ, ಒಮ್ಮೆ ಸೂರ್ಯ ಎಂದು ನೋಡುತ್ತಿದ್ದೆವು. ಕ್ರಿಕೆಟ್ ಪಂದ್ಯದ ಕೊನೆಯ ಓವರಿನಲ್ಲೂ ನಮ್ಮ ಮನೆಯವರು ಅಷ್ಟು ಚಡಪಡಿಸಿದ್ದನ್ನು ನಾನು ಕಂಡಿಲ್ಲ. ಸೂರ್ಯನ ಕೆಳಗಿನ ಅಂಚು ಗಿಡಗಳಿಗೆ ತಾಗಿದಾಗ ಅತ್ತೆ ನೀರು ಕುಡಿದು, ಬಾಯಿ ಮುಕ್ಕಳಿಸಿ, ಕಣ್ಣು ಮುಚ್ಚಿ ಕೈ ಮುಗಿದರು. "ಛಲೋ ಇತ್ತು. ಉಪ್ಪ ತುಸು ಜಾಸ್ತಿ ಆಗಿತ್ತು" ಎಂದರು.

ನಮಗೆ ಜೀವ ಬಂತು. ಅಭ್ಯಾಸಬಲದಿಂದ ನಮ್ಮ ಮನೆಯವರ ಕೈ ಕೀಲಿಗೆ ಹೋಯಿತು, ನನ್ನ ಕೈ ಚೀಲಕ್ಕೆ. ಅತ್ತೆ ಮಾತ್ರ ಕಟ್ಟೆಯಿಂದ ಏಳಲಿಲ್ಲ.

"ನಡೀ ಅವ್ವಾ, ಮನಿಗಿ ಹೋಗೂಣು."

"ಯಾಕ?"

"ಹೊತ್ತ ಮುಳುಗಿತಲ್ಲ."

"ಮುಳುಗಲಿ ಬಿಡು. ಅದು ದಿನಾ ಮುಳುಗತೈತಿ."

ನಾನು ಬೆಪ್ಪಾಗಿ, "ಅತ್ತಿ, ನಿಮ್ಮ ನೇಮಾ ಐತೆಲ್ಲರಿ..." ಎಂದೆ.

ಅವರು ನನ್ನತ್ತ ತಿರುಗಿದರು. "ಸುಮತಿ, ನಾ ಉಣ್ಣೂದು ಬಿಟ್ಟೇನವಾ, ನೋಡೂದು ಯಾವಾಗ ಬಿಟ್ಟೇನಿ?"

ಅತ್ತೆಯೇ ಮುಂದುವರಿಸಿದರು. "ಕೈ ತೊಳ್ಯೂದ ತಡಾ, ನೀವಾ ಗಡಬಡಿ ಮಾಡಿ ಗಾಡಿ ಹತ್ತಸ್ತಿದ್ರಿ. ಇವಗ ಕತ್ತಲಾಗ ಗಾಡಿ ಹೊಡ್ಯಾಕ ಅಂಜಕಿ ಇದ್ದೀತು ಅಂತ ನಾ ಸುಮ್ಮ ಕುಂಡರತಿದ್ನಿ. ಸೊಸಿ ಮುಂದ ಹೆಂಗ ಕೇಳೂದು?"

ನಮ್ಮ ಮನೆಯವರು, "ನನಗ್ಯಾಕ ಅಂಜಕಿ?" ಎಂದು ತೊದಲಿದರು. ರಾತ್ರಿಯೆಲ್ಲ ಗೊಬ್ಬರದ ಲಾರಿಯ ಜೊತೆ ಪುಣೆಯವರೆಗೆ ಹೋಗಿ ಬಂದ ಮನುಷ್ಯ. ನನಗೆ ನಗು ತಡೆಯಲಿಲ್ಲ. ಆದರೆ ಅತ್ತೆಯ ಮರ್ಯಾದೆಗೆ ನಾವು, ನಮ್ಮ ಮರ್ಯಾದೆಗೆ ಅತ್ತೆ ಸುಮ್ಮನಿದ್ದು ಎಷ್ಟು ಸಂಜೆಗಳನ್ನು ಹೆದ್ದಾರಿಯ ಮೇಲೆ ಚೆಲ್ಲಿಬಿಟ್ಟಿದ್ದೆವು. ಒಬ್ಬರಿಗೊಬ್ಬರು ತೊಂದರೆ ಕೊಡಬಾರದೆಂಬ ಒಳ್ಳೆಯತನಕ್ಕೂ ಒಂದು ಮಿತಿ ಇಟ್ಟುಕೊಳ್ಳಬೇಕು ಎಂದು ನನಗೆ ಅನ್ನಿಸಿದ್ದು ಆಗ.

ದೀಪಗಳು ಹತ್ತಿದವು. ಮೊದಲು ಆಚೆ ದಂಡೆಯಲ್ಲಿ ಒಂದೊಂದೇ, ಆಮೇಲೆ ನಮ್ಮ ತಲೆಯ ಮೇಲೆ ಸಾಲಾಗಿ, ಆಮೇಲೆ ಗಾಡಿಗಳ ಮೇಲೆ ಕೆಂಪು, ಹಸಿರು, ನೀಲಿ. ಮೊಬೈಲಿನಲ್ಲಿ ಕಂಡದ್ದು ಇದರ ಕಾಲು ಭಾಗವೂ ಅಲ್ಲ. ನಮ್ಮ ಮನೆಯವರು ನನಗೂ ತಮಗೂ ಭೇಳು ತಂದರು, ಅವರದರಲ್ಲಿ ಉಳ್ಳಾಗಡ್ಡಿಯೂ ಇತ್ತು. ತಾಯಿ ನೋಡಬಾರದೆಂದು ಆಚೆ ತಿರುಗಿ ತಿಂದರು. ತಾಯಿಗೆ ಅದನ್ನು ನೋಡಲು ಪುರಸೊತ್ತಿರಲಿಲ್ಲ. ಹೊಸ ಕಣ್ಣು ಅರಳಿಸಿ ನೀರನ್ನೇ ನೋಡುತ್ತಿದ್ದ ಅವರು ನನ್ನ ಕೈ ಹಿಡಿದು ಎಳೆದು, "ಇಲ್ಲಿ ನೋಡ ಸುಮತಿ, ಒಂದೊಂದ ದೀಪಕ್ಕ ಒಂದೊಂದ ಬಾಲಾ ಐತಿ" ಎಂದರು. ನಾವಿಬ್ಬರೂ ಪಕ್ಕಪಕ್ಕ ಕೂತು ನೀರಿನಲ್ಲಿ ಅಲುಗುವ ಬಾಲಗಳನ್ನು ನೋಡಿದೆವು. ಚಳಿಯಾಗತೊಡಗಿದಾಗ ಅವರ ಸೆರಗಿನ ಅರ್ಧ ನನ್ನ ಹೆಗಲ ಮೇಲೂ ಬಂದಿತ್ತು.

ವಾಪಸು ಬರುವಾಗ ಕಾಗಲ್ ದಾಟುವವರೆಗೂ ಅತ್ತೆ ನಿದ್ದೆ ಮಾಡಿದ್ದಾರೆಂದು ನಾನು ತಿಳಿದಿದ್ದೆ.

"ಸುಮತಿ, ಇನ್ನಮ್ಯಾಲೆ ಹಗಲಿ ಬರೂದ ಬ್ಯಾಡ. ಮನ್ಯಾಗ ಲಗೂ ಉಂಡ ಹೊಂಡೂಣು, ದೀಪಾ ಹಚ್ಚೂ ಹೊತ್ತಿಗಿ ಬಂದ ಮುಟ್ಟೂಣು."

"ಡಾಕ್ಟರ ಹಗಲೀನ ಇರತಾರ, ಅವ್ವಾ" ಎಂದರು ನಮ್ಮ ಮನೆಯವರು ಸ್ಟಿಯರಿಂಗಿನ ಮೇಲಿಂದ.

"ಅವರ ಕಡೆ ಇನ್ನ್ಯಾಕ ಹೋಗೂದು?" ಎಂದರು ಅತ್ತೆ. "ಕಣ್ಣ ಛಲೋ ಆಗ್ಯಾವಲ್ಲ."