ಅಂಗದೇಶದ ಮಾತು

ಉಡುಪಿಯಿಂದ ರೈಲು ಹತ್ತಿ ಡೊಂಬಿವಲಿಗೆ ಬಂದದ್ದೇ ಮೊಮ್ಮಗಳು ಶ್ರಾವ್ಯಳ ಯಕ್ಷಗಾನ ನೋಡಲು. ಅವಳದು ಕರ್ಣನ ವೇಷ, ಪಕ್ಕದ ಬಿಲ್ಡಿಂಗಿನ ಪ್ರಣೀತಾಳದು ಅರ್ಜುನನ ವೇಷ. ಇಬ್ಬರೂ ಇಲ್ಲೇ ಹುಟ್ಟಿದವರು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಶ್ರಾವ್ಯಳ ಉತ್ತರ ಹಿಂದಿಯಲ್ಲಿ. ಬಾಯಿಪಾಠ ಮಾಡಿದ ಮಾತು ರಂಗದ ಮೇಲೆ ಮರೆತರೆ ಗತಿಯೇನೆಂದು ನನಗೆ ಒಂದೇ ಚಿಂತೆ.

ಆದರೆ ಚೆಂಡೆಗೆ ಪೆಟ್ಟು ಬಿದ್ದದ್ದೇ ತಡ, ಆಹಾ! ಒಬ್ಬಳು ಗಿರಕಿ ಹೊಡೆದರೆ ಇನ್ನೊಬ್ಬಳೂ ಅಷ್ಟೇ ಹೊಡೆಯುತ್ತಾಳೆ. ಬಾಣಕ್ಕೆ ಬಾಣ, ಮಾತಿಗೆ ಮಾತು. ಯಾರು ಹೆಚ್ಚು, ಯಾರು ಕಡಿಮೆ ಎಂದು ಹೇಳಲು ನನ್ನಿಂದ ಆಗಲಿಲ್ಲ.

ಕರ್ಣನ ರಥದ ಚಕ್ರ ಹೂತುಹೋಗುವ ಘಟ್ಟ ಬಂತು. ಅದನ್ನು ಎತ್ತಲು ಇಳಿದ ಶ್ರಾವ್ಯಳ ಬಾಯಿಂದ 'ನಿಲ್ಲು' ಎನ್ನುವ ಬದಲು ಹಿಂದಿ ಬಂದೇಬಿಟ್ಟಿತು: "ಏ ಪಾರ್ಥ, ರುಕ್ ಜಾ!"

ಸಭೆ ಗೊಳ್ಳೆಂದು ನಕ್ಕಿತು. ಅರ್ಜುನ ಬಿಟ್ಟಾಳೇ? "ಇದ್ಯಾವ ದೇಶದ ಮಾತಯ್ಯಾ, ಕರ್ಣ?"

ಕರ್ಣ ಮೀಸೆ ತಿರುವಿದಳು. "ಅಂಗದೇಶದ್ದು! ಅಲ್ಲಿಯ ಅರಸ ನಾನು. ರಾಜ್ಯವೇ ಇಲ್ಲದೆ ಕಾಡು ಸುತ್ತಿದ ನಿನಗೆ ಹೇಗೆ ಗೊತ್ತಾಗಬೇಕು?"

ಇದು ಯಾರೂ ಕಲಿಸಿದ ಮಾತಲ್ಲ. ಹಾಡುವ ಭಾಗವತರೇ ತಾಳ ಬಿಟ್ಟು ನಕ್ಕರು. ಅರ್ಜುನನೂ ನಗು ತಡೆದುಕೊಂಡೇ ಬಿಲ್ಲೆತ್ತಿದಳು.

ಆಟ ಮುಗಿದ ಮೇಲೆ ಶ್ರಾವ್ಯ ಬಣ್ಣದ ಮುಖದಲ್ಲೇ ಓಡಿಬಂದಳು. "ಅಜ್ಜಿ, ನಾನು ಸತ್ತದ್ದು ಹೇಗಿತ್ತು?"

ಅಷ್ಟೂ ಕನ್ನಡದಲ್ಲೇ! "ಚಂದ ಸತ್ತೆ ಮಗಾ" ಎಂದು ಬಾಚಿ ಅಪ್ಪಿಕೊಂಡೆ. ನನ್ನ ಸೀರೆಯೆಲ್ಲ ಬಣ್ಣ.